ಕಜಾನಿನಿಂದ ಬಂದ ಮೆರವಣಿಗೆ

ಇದು ನಡೆದ ಕಥೆ. ಅದೂ ಹಾಡುಹಗಲು ಎರಡು ಗಂಟೆಗೆ, ಓಲ್ಡ್ ಬ್ರಿಡ್ಜ್ ಊರಿನ ಲೈಬ್ರರಿಯಲ್ಲಿ, ಅಂದರೆ ಕಟ್ಟುಕಥೆಗಳಿಗೆಂದೇ ಬೇರೆ ಕಪಾಟು ಮಾಡಿ ಮೇಲೆ ಚೀಟಿ ಅಂಟಿಸಿಡುವಷ್ಟು ಪ್ರಾಮಾಣಿಕವಾದ ಜಾಗದಲ್ಲಿ ನಡೆದದ್ದು. ಆ ಶನಿವಾರ ವಕಾರ್ ಪಿಯಾನೋದ ಎಡಕ್ಕೆ, ಒಂದು ಮೊಳ ಹಿಂದೆ, ಮಡಚುವ ಕುರ್ಚಿಯ ಅಂಚಿನಲ್ಲಿ ಕೂತು, ಬಂದು ಸೇರುತ್ತಿದ್ದ ಜನರನ್ನು ಒಬ್ಬೊಬ್ಬರಾಗಿ ತಿರಸ್ಕರಿಸುತ್ತಿದ್ದ. ಒಟ್ಟಾಗಿ ತಿರಸ್ಕರಿಸುವುದು ಸೋಮಾರಿಗಳ ಕೆಲಸ ಎಂಬುದು ಅವನ ಅಭಿಪ್ರಾಯ. ಕಾರಿನ ಕೀ, ಫೋನು, ಕನ್ನಡಕದ ಡಬ್ಬಿ ಮೂರನ್ನೂ ತೊಡೆಯ ಮೇಲೆ ಅಂಗಡಿಯಂತೆ ಹರಡಿಕೊಂಡವನನ್ನು ತಿರಸ್ಕರಿಸಿದ. ಕಾರ್ಯಕ್ರಮದ ಹಾಳೆಯನ್ನು ಬೀಸಣಿಗೆ ಮಾಡಿಕೊಂಡವಳನ್ನು ತಿರಸ್ಕರಿಸಿದ. ಹಿಂದಿನ ಮೇಜಿನ ಮೇಲೆ ಫಾಯಿಲ್ ಮುಚ್ಚಿದ ಸಮೋಸದ ಟ್ರೇ ಇದ್ದ ಕಡೆಗೇ ಕುರ್ಚಿ ಹುಡುಕಿದ ಆರವ್ ಎಂಬ ತರುಣನಿಗೆ ಸ್ವಲ್ಪ ಮಾಫಿ ಕೊಟ್ಟ, ಅವನೊಬ್ಬನೇ ತಾನು ಯಾಕೆ ಬಂದಿದ್ದೇನೆಂದು ಮುಚ್ಚಿಡದವನು. ಬಾಗಿಲಲ್ಲಿ ನಿಂತು ಎಲ್ಲರ ಹೆಸರು ಬರೆಸಿಕೊಳ್ಳುತ್ತಿದ್ದ ಹೆಂಡತಿ ಮೆಹವಿಶ್‌ಳನ್ನು ನೋಡಿ, ಅವಳ ಸಂಭ್ರಮಕ್ಕೆ ತಿರಸ್ಕಾರ ಸಾಲದೆಂದು ಸುಮ್ಮನಾದ. ಸ್ವಂತ ಕೆಲಸದ ಬಗ್ಗೆಯೂ ಅವನಿಗೆ ಭ್ರಮೆಯಿರಲಿಲ್ಲ. ಪುಟ ತಿರುಗಿಸುವುದು ಪುಟಗೋಸಿ ಕೆಲಸ. ಎದ್ದು ನಿಲ್ಲಬೇಕು, ಎಡಗೈಯಿಂದ ಹಾಳೆಯ ಮೇಲಿನ ಮೂಲೆ ಹಿಡಿಯಬೇಕು, ನುಡಿಸುವವರ ಕಣ್ಣಿಗೆ ಅಡ್ಡ ಬಾರದೆ ತಿರುಗಿಸಿ ಮತ್ತೆ ಕೂರಬೇಕು, ಕೆಮ್ಮಬಾರದು. ಚೆನ್ನಾಗಿ ಮಾಡಿದರೆ ಯಾರಿಗೂ ಕಾಣುವುದಿಲ್ಲ. ಅವನು ಅದನ್ನು ಒಪ್ಪಿಕೊಂಡದ್ದು, ಇವತ್ತು ನಡೆಯಲಿರುವುದನ್ನು ಅದಕ್ಕಿಂತ ಹತ್ತಿರದಿಂದ ನೋಡುವ ಕುರ್ಚಿ ಇಡೀ ನ್ಯೂಜೆರ್ಸಿಯಲ್ಲಿ ಇನ್ನೊಂದಿಲ್ಲ ಎಂಬ ಕಾರಣಕ್ಕೆ.

ಲೇಸನ್ ಬಂದಳು. ಐವತ್ತರ ಹೆಂಗಸು, ಅಗಲ ಭುಜ, ಬೂದು ಬಣ್ಣದ ಉದ್ದ ಉಡುಪು, ಕತ್ತಿಗೆ ಮೆಂಥಾಲ್ ವಾಸನೆ. ವೋಲ್ಗಾ ನದಿಯ ದಂಡೆಯ ಕಜಾನ್ ಊರಿನವಳು, ತಾತಾರ್ ಜನದವಳು. ರಷ್ಯನ್ ಎಂದರೆ ಕಣ್ಣು ಕೆಂಪಾಗುತ್ತದೆ. ಹತ್ತೊಂಬತ್ತು ವರ್ಷದಿಂದ ಇಲ್ಲಿ ವಾರವಿಡೀ ಭಾರತೀಯರ ಮಕ್ಕಳಿಗೆ ಪಿಯಾನೋ ಪಾಠ ಹೇಳುತ್ತಾಳೆ, ವಾರಾಂತ್ಯ ಬಂದರೆ ಐದೇ ಸ್ವರದ ತಾತಾರ್ ಶಾಸ್ತ್ರೀಯ ಸಂಗೀತವನ್ನು ಹೊತ್ತುಕೊಂಡು ಲೈಬ್ರರಿ, ಚರ್ಚಿನ ನೆಲಮಾಳಿಗೆ, ವೃದ್ಧರ ಮನೆ ಎಂದು ಅಲೆಯುತ್ತಾಳೆ. ಮೊದಲ ಸಲ ಅವಳ ಬಗ್ಗೆ ಕೇಳಿದಾಗ ವಕಾರ್, ತಾತಾರ್ ಅಂದರೆ ತಾತ ಯಾರ್ ಅಂತ ಗೊತ್ತಿಲ್ಲದವರೇ ಎಂದು ಕೇಳಿ ಇಡೀ ಊಟದ ಮೇಜನ್ನು ನಗಿಸಿದ್ದ. ಮೆಹವಿಶ್ ನಗಲಿಲ್ಲ. ನಲವತ್ತೊಂದನೇ ವಯಸ್ಸಿನಲ್ಲಿ ಪಿಯಾನೋ ಕಲಿಯಲು ಹೊರಟವಳು ಅವಳು, ಲೇಸನ್‌ಳ ಅತಿ ದೊಡ್ಡ ವಿದ್ಯಾರ್ಥಿನಿ, ಅತಿ ದೊಡ್ಡ ಭಕ್ತೆ. ಈ ಕಾರ್ಯಕ್ರಮಕ್ಕೆ ಮೈಸೂರು ಬೆಂಗಳೂರು ಕಡೆಯ ಕುಟುಂಬಗಳನ್ನೆಲ್ಲ ಫೋನ್ ಮಾಡಿ ಮಾಡಿ ಕೂಡಿಸಿದವಳೂ ಅವಳೇ, ಯಾಕೆಂದರೆ ಮಾರಿಸ್‌ಟೌನ್‌ನ ಒಂದು ಕಲಾ ಟ್ರಸ್ಟಿನ ಹೆಂಗಸು ಇವತ್ತು ನೋಡಲು ಬರುವವಳಿದ್ದಳು. ಅವಳು ಒಪ್ಪಿದರೆ ಮುಂದಿನ ವರ್ಷ ಹತ್ತು ಊರಿನಲ್ಲಿ ಹತ್ತು ಸಂಗೀತ ಕಛೇರಿ, ನಿಜವಾದ ಸಭಾಂಗಣ, ಶ್ರುತಿ ಮಾಡಿದ ಪಿಯಾನೋ. ಒಪ್ಪದಿದ್ದರೆ ಇನ್ನು ಸಾಕು, ಮಕ್ಕಳ ಬೆರಳು ಎಣಿಸಿಕೊಂಡು ಮನೆಯಲ್ಲೇ ಇರುತ್ತೇನೆ ಎಂದು ಲೇಸನ್ ಮೆಹವಿಶ್ ಹತ್ತಿರ ಹೇಳಿದ್ದಳಂತೆ. ಟ್ರಸ್ಟಿನ ಹೆಂಗಸು ಮೂರನೆಯ ಸಾಲಿನ ಕೊನೆಯಲ್ಲಿ ನೋಟ್‌ಬುಕ್ಕು ತೆರೆದು ಕೂತಿದ್ದಳು. ತೆಳ್ಳಗಿನ ಮುಖ, ತೆಳ್ಳಗಿನ ಪೆನ್ನು. ವಕಾರ್ ಅವಳನ್ನೂ ತಿರಸ್ಕರಿಸಬೇಕೆಂದಿದ್ದ, ಆದರೆ ಅವಳಿಂದ ಕೆಲಸವಿತ್ತು.

ಮೊದಲನೆಯ ಕೃತಿ ಶುರುವಾಯಿತು. ಲೇಸನ್ ಪುಟಕ್ಕಾಗಿ ತಲೆಯಾಡಿಸುವವಳಲ್ಲ, ಮೂಗಿನಿಂದ ಸಣ್ಣಗೆ ಉಸಿರೆಳೆದುಕೊಳ್ಳುವವಳು. ಆ ಉಸಿರಿಗೆ ಅವನು ಏಳಬೇಕು. ಎದ್ದ, ತಿರುಗಿಸಿದ, ಕೂತ. ಉಸಿರಿಗೂ ಮುಂಚೆ ಅವಳ ಎಡ ಭುಜ ಒಂದು ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಅದನ್ನು ನೋಡಿದಾಗೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ಫೆಬ್ರವರಿಯಲ್ಲಿ ಅವರ ಮನೆಯಲ್ಲೇ ಇಪ್ಪತ್ತು ಜನರ ಊಟವಿತ್ತು, ಯಾರೋ ವಕಾರ್ ಮಿಮಿಕ್ರಿ ಮಿಮಿಕ್ರಿ ಎಂದು ಶುರು ಮಾಡಿದರು, ಅವನು ಮೊದಲು ದೇವಸ್ಥಾನದ ಪಾರ್ಕಿಂಗ್ ಕಾಯುವವನನ್ನು ಮಾಡಿದ, ಆಮೇಲೆ ಮೈಸೂರಿನವರೇ ಆದ ಯೂನುಸ್ ಅಂಕಲ್ ಬಿಪಿ ಮಾತ್ರೆ ಹುಡುಕುವುದನ್ನು ಮಾಡಿದ, ಆಮೇಲೆ ಡೈನಿಂಗ್ ಟೇಬಲ್ಲನ್ನೇ ಪಿಯಾನೋ ಮಾಡಿಕೊಂಡು ಲೇಸನ್‌ಳನ್ನು ಮಾಡಿದ. ಅವಳ ಇಂಗ್ಲಿಷಿನ ಮುರುಕು, ಮುಚ್ಚಿದ ಕಣ್ಣು, ಎದೆಗೆ ಒತ್ತಿಕೊಳ್ಳುವ ಕೈ, ನಮ್ಮ ಐದು ಸ್ವರ, ನಮ್ಮ ಹುಲ್ಲುಗಾವಲು, ನಮ್ಮ ಗಾಳಿ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು ಒಮ್ಮೆಗೇ ನಿಂತರು. ಅವಳು ಅವನ ಬೆನ್ನ ಹಿಂದೆ, ಕೈಯಲ್ಲಿ ಶೀರ್ ಕುರ್ಮಾದ ಬಟ್ಟಲು ಹಿಡಿದು ನಿಂತಿದ್ದಳು. ಅವಳಿಗೆ ಕೋಪ ಬಂದಿದ್ದರೆ ಅವನು ಗೆದ್ದಂತೆ. ಅತ್ತಿದ್ದರೆ ಇನ್ನೂ ಒಳ್ಳೆಯದು. ಅವಳು ಬಟ್ಟಲು ಕೆಳಗಿಟ್ಟು, ಚೆನ್ನಾಗಿದೆ, ಆದರೆ ನನ್ನ ಎಡ ಭುಜ ಮೊದಲು ಏಳುತ್ತದೆ, ಆಮೇಲೆ ಉಸಿರು, ನೀನು ಎರಡನ್ನೂ ಒಟ್ಟಿಗೆ ಮಾಡಿದೆ ಎಂದು ಪಾಠ ಹೇಳುವ ದನಿಯಲ್ಲೇ ಹೇಳಿ, ಅವನ ಭುಜವನ್ನು ಎರಡು ಬೆರಳಿನಿಂದ ಹಿಡಿದು ಎತ್ತಿ ತೋರಿಸಿದಳು. ಇಪ್ಪತ್ತು ಜನವೂ ನಕ್ಕರು. ಅವನೊಬ್ಬನ ಹೊರತು ಬೇರೆಲ್ಲರಿಗೂ ಆ ನಗು ಹಿಂದಿನ ನಗುವಿನ ಮುಂದುವರಿಕೆಯಂತೆಯೇ ಕೇಳಿಸಿರಬೇಕು.

ಎರಡನೆಯದು, ಮೂರನೆಯದು. ಪ್ರತಿ ಸಲವೂ ಜನ ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟಿದರು. ಕೃತಿಯ ನಡುವೆ ಅವಳು ಒಂದು ಕ್ಷಣ ಕೈ ಎತ್ತಿದರೆ ಸಾಕು, ಮುಗಿಯಿತೆಂಬ ಸಂತೋಷ ತಡೆಯಲಾರದವರಂತೆ. ಅವಳು ಪ್ರತಿ ಸಲ ತಲೆ ಬಾಗಿಸಿ ಕೃತಜ್ಞತೆಯಿಂದ ಸ್ವೀಕರಿಸಿದಳು. ಈ ಕೃತಜ್ಞತೆಯೇ ಅವನಿಗೆ ಸಹಿಸಲಾಗದ್ದು. ತನ್ನ ಸಾಮಾನನ್ನು ಯಾರು ಮುಟ್ಟಿ ನೋಡಿದರೂ ಕರಗಿಹೋಗುವ ಹೆಂಗಸು. ಇಂಥವಳಿಗೆ ನಿಜ ಯಾವುದು ನಕಲಿ ಯಾವುದು ಎಂದು ಕಿವಿಯಲ್ಲಿ ತಿಳಿಯುತ್ತದೆಯೇ? ಅದೊಂದು ಪ್ರಶ್ನೆ, ಬರೀ ಪ್ರಶ್ನೆ, ಎಂದು ಅವನು ಮಾರ್ಚಿನಲ್ಲಿ ಬ್ರಿಡ್ಜ್‌ವಾಟರ್‌ನ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಕೂತು ತನಗೆ ತಾನೇ ಹೇಳಿಕೊಂಡಿದ್ದ. ಔಷಧಿ ಕಂಪನಿಯಲ್ಲಿ ದಾಖಲೆ ತಿದ್ದುವ ಕೆಲಸ ಅವನದು, ಒಂದು ಅಲ್ಪವಿರಾಮ ತಪ್ಪಿದರೂ ಮೂವರು ಸಹಿ ಮಾಡಬೇಕಾದ ಕಡೆ. ಹೊಸ ಈಮೇಲ್ ವಿಳಾಸ ಮಾಡಿಕೊಂಡು, ಕಜಾನಿನ ಒಬ್ಬ ನಿವೃತ್ತ ಸಂಗೀತದ ಮೇಷ್ಟ್ರಾಗಿ, ಲೇಸನ್‌ಳದೇ ಇಂಗ್ಲಿಷನ್ನು ಇನ್ನೊಂದಿಷ್ಟು ಮುರಿದು, ಮೊಣಕಾಲು ನೋವು, ಸತ್ತ ಹೆಂಡತಿ, ಅಟ್ಟದ ಮೇಲಿನ ಪೆಟ್ಟಿಗೆ ಎಲ್ಲ ಸೇರಿಸಿ ಒಂದು ಪತ್ರ ಬರೆದ. ಜೊತೆಗೆ ನಾಲ್ಕು ಹಾಳೆಯ ಸ್ವರಲಿಪಿ, ಹಳ್ಳಿಯ ಮದುವೆ ಮೆರವಣಿಗೆ, ಕರ್ತೃ ತಿಳಿಯದು. ಬರೆದದ್ದು ಎಷ್ಟು ಸೊಗಸಾಗಿತ್ತೆಂದರೆ ಮುಗಿಸುವ ಹೊತ್ತಿಗೆ ಆ ಮೇಷ್ಟ್ರ ಮೊಣಕಾಲಿನ ಬಗ್ಗೆ ಅವನಿಗೇ ಕನಿಕರ ಹುಟ್ಟಿತ್ತು. ಮಾರನೆಯ ದಿನ ಉತ್ತರ ಬಂತು. ಓದುತ್ತ ಅತ್ತೆ, ಎಂದು ಬರೆದಿದ್ದಳು. ಇದನ್ನು ನನ್ನ ಅಜ್ಜಿ ಗುನುಗುತ್ತಿದ್ದಳು. ಅವನು ಪಾರ್ಕಿಂಗ್ ಲಾಟಿಗೆ ಹೋಗಿ, ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡು ನಕ್ಕ. ಆ ನಗು ಬೇಗ ನಿಂತುಹೋಯಿತು. ಆದರೂ ಇನ್ನೂ ಸ್ವಲ್ಪ ಹೊತ್ತು ನಗುತ್ತಿರುವವನ ಹಾಗೆ ಕೂತಿದ್ದ.

ಯಾಕೆಂದರೆ ಮಟ್ಟು ಅವನು ಕಟ್ಟಿದ್ದಲ್ಲ. ಎಷ್ಟು ಕೂತರೂ ಐದು ಸ್ವರದಲ್ಲಿ ಸ್ವಂತದ್ದೊಂದು ಹೊಳೆಯಲಿಲ್ಲ. ಕೊನೆಗೆ ಬೆರಳು ತಾನಾಗಿ ಬರೆದದ್ದು ಅಬ್ಬಾನ ಮೆರವಣಿಗೆಯನ್ನು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅವನ ಅಪ್ಪ ಗಫೂರ್ ಮಾಸ್ಟ್ರ ಬ್ಯಾಂಡ್‌ಸೆಟ್ಟು, ಹನ್ನೊಂದು ಜನ, ಕೆಂಪು ಕೋಟು, ಬಂಗಾರದ ಬಣ್ಣ ಮಾಸಿದ ಜರಿ. ಮದುಮಗ ಕಾರಿನಿಂದ ಇಳಿದು ಛತ್ರದ ಬಾಗಿಲಿಗೆ ಬರುವ ಅಷ್ಟು ದೂರಕ್ಕೆ ಸಿನಿಮಾ ಹಾಡು ಬೇಡ, ಇದು ಇರಲಿ ಎಂದು ಅಬ್ಬಾ ತಾನೇ ಕಟ್ಟಿಕೊಂಡ ಮಟ್ಟು. ಅದರಲ್ಲಿ ಐದೇ ಸ್ವರ ಇರುವುದು ಹುಲ್ಲುಗಾವಲಿನ ಗಾಳಿಯಿಂದಲ್ಲ, ಅಬ್ಬಾನ ಕ್ಲಾರಿನೆಟ್ಟಿನ ಎರಡು ಕೀಗಳ ಸ್ಪ್ರಿಂಗ್ ಹೋಗಿದ್ದರಿಂದ. ಸ್ವರಲಿಪಿ ಓದುವುದನ್ನು ವಕಾರ್‌ಗೆ ಕಲಿಸಿದವರೂ ಅವರೇ, ಬ್ಯಾಂಡ್ ಅಂಗಡಿಯ ನೆಲದ ಮೇಲೆ, ಡ್ರಮ್ಮಿಗೆ ಒರಗಿಸಿದ ಹಾಳೆಯಲ್ಲಿ. ಇಲ್ಲಿ ಕೇಳಿದವರಿಗೆ ಅವನು ಹೇಳಿಕೊಂಡು ಬಂದದ್ದು ಕಾನ್ವೆಂಟು, ಪಿಯಾನೋ ಟೀಚರ್, ಎಂಟನೇ ಗ್ರೇಡಿನ ಪರೀಕ್ಷೆ. ಮೆಹವಿಶ್‌ಳನ್ನು ಇಲ್ಲೇ ನೋಡಿ ಇಲ್ಲೇ ಮದುವೆಯಾದದ್ದರಿಂದ, ಅಷ್ಟರಲ್ಲಿ ಅಬ್ಬಾ ತೀರಿಕೊಂಡೂ ಆಗಿದ್ದರಿಂದ, ಅವಳಿಗೂ ಅದೇ: ಮಾವ ಸಂಗೀತದ ಮೇಷ್ಟ್ರು. ಒಂದು ಸಲ, ಅವನು ಪಿಯುಸಿಯಲ್ಲಿದ್ದಾಗ, ಸಹಪಾಠಿಯ ಅಕ್ಕನ ಮದುವೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಬಾಗಿಲಲ್ಲಿ ನಿಂತಿದ್ದ. ಮೆರವಣಿಗೆ ಹತ್ತಿರ ಬಂತು. ಕೆನ್ನೆ ಉಬ್ಬಿಸಿ ಊದುತ್ತ ಬಂದ ಅಬ್ಬಾ ಅವನನ್ನು ನೋಡಿ ಹುಬ್ಬು ಎತ್ತಿದರು. ಅವನು ಪನ್ನೀರು ದಾನಿ ಹಿಡಿದವನ ಕಡೆಗೆ ತಿರುಗಿ ಏನೋ ಕೇಳಿದ. ಏನು ಕೇಳಿದ್ದೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ನಾಲ್ಕನೆಯದು ನಡೆಯುತ್ತಿದ್ದಾಗ ಬಾಗಿಲು ತೆರೆದು ಯೂನುಸ್ ಅಂಕಲ್ ಮತ್ತು ಅವರ ಹೆಂಡತಿ ಜಾಹಿದಾ ಆಂಟಿ ಬಂದರು. ಬಾಗಿ ಬಂದರೆ ಕಾಣುವುದಿಲ್ಲ ಎಂದುಕೊಂಡವರ ಹಾಗೆ ಸೊಂಟ ಬಾಗಿಸಿ, ಎರಡನೆಯ ಸಾಲಿನ ನಟ್ಟನಡುವೆ, ಆರು ಜನರ ಮೊಣಕಾಲು ದಾಟಿ ಕೂತರು. ಬರುವುದಿಲ್ಲವೆಂದು ಹೇಳಿದ್ದವರು. ವಕಾರ್‌ನ ಕೈ ಹಾಳೆಯ ಮೂಲೆಯಲ್ಲೇ ನಿಂತಿತು. ಹೋದ ತಿಂಗಳಷ್ಟೇ ಯೂನುಸ್ ಅಂಕಲ್ ಅವನನ್ನು ಮನೆಯ ಸೋಫಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ತಮ್ಮ ಮದುವೆಯ ಹಳೆಯ ಫೋಟೋ ತೋರಿಸಿದ್ದರು. ಮೈಸೂರು, ಎಂಬತ್ತೇಳನೆಯ ಇಸವಿ. ಹೂವಿನ ಮುಸುಕಿನೊಳಗೆ ಮದುಮಗನ ಮೂಗಿನ ತುದಿ, ಪಕ್ಕದಲ್ಲಿ ಪೆಟ್ರೋಮ್ಯಾಕ್ಸ್, ಬಲ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಒಬ್ಬ ಕೆಂಪು ಕೋಟಿನವನು, ಉಬ್ಬಿದ ಕೆನ್ನೆ. ಅಂಕಲ್ ಫೋಟೋವನ್ನು ಅವನ ಕೈಯಲ್ಲಿ ಬಹಳ ಹೊತ್ತು ಬಿಟ್ಟಿದ್ದರು. ಅವನು ಫೋಟೋ ಚೆನ್ನಾಗಿದೆ ಅಂಕಲ್, ಕಲರ್ ಇನ್ನೂ ಹೋಗಿಲ್ಲ ಎಂದು ವಾಪಸು ಕೊಟ್ಟಿದ್ದ. ಮನೆಗೆ ಹೋಗುತ್ತ ಕಾರಿನಲ್ಲಿ ಅಂಕಲ್ ಫೋಟೋ ತೋರಿಸುವುದನ್ನು ಮಿಮಿಕ್ರಿ ಮಾಡಿ ಮೆಹವಿಶ್‌ಳನ್ನು ನಗಿಸಿದ್ದ ಕೂಡ.

ಐದನೆಯದಕ್ಕೆ ಮುಂಚೆ ಲೇಸನ್ ಎದ್ದು ಮೈಕಿನ ಹತ್ತಿರ ಹೋದಳು. ಇದು ಮೊದಲ ಸಲ ಸಾರ್ವಜನಿಕವಾಗಿ ನುಡಿಸುತ್ತಿರುವುದು, ಕಜಾನಿನ ಒಬ್ಬ ವೃದ್ಧರು ಅಟ್ಟದ ಪೆಟ್ಟಿಗೆಯಿಂದ ಹುಡುಕಿ ಕಳಿಸಿಕೊಟ್ಟದ್ದು, ಎಂದಳು. ಮೂರನೆಯ ಸಾಲಿನ ತೆಳ್ಳಗಿನ ಪೆನ್ನು ಎದ್ದು ಕೂತಿತು. ಲೇಸನ್ ಆ ಪೆನ್ನಿನ ಕಡೆಗೇ ತಿರುಗಿ, ಕಣ್ಣು ಮುಚ್ಚಿ, ನನ್ನ ಅಜ್ಜಿ ಚಳಿಗಾಲದ ಒಲೆಯ ಮುಂದೆ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಇದನ್ನೇ ಗುನುಗುತ್ತಿದ್ದಳು, ನಡುನಡುವೆ ನಿಲ್ಲಿಸಿ ನನ್ನ ಕೂದಲು ನೇವರಿಸುತ್ತಿದ್ದಳು, ಆ ನಿಲುಗಡೆಗಳೂ ಈ ಸ್ವರಲಿಪಿಯಲ್ಲಿವೆ ಎಂದಳು. ದುಃಖಕ್ಕೂ ಹಂಬಲಕ್ಕೂ ನಡುವೆ ಇರುವ ಒಂದು ಭಾವ ಅದು, ಅದಕ್ಕೆ ನಮ್ಮ ಭಾಷೆಯಲ್ಲಿ ಒಂದು ಪದವಿದೆ, ಇಂಗ್ಲಿಷಿನಲ್ಲಿಲ್ಲ. ಮೆಹವಿಶ್ ಬಾಗಿಲ ಹತ್ತಿರ ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡಳು. ಈ ಗಳಿಗೆಗಾಗಿ ಅವನು ಎರಡು ತಿಂಗಳು ಕಾದಿದ್ದ. ಇದು ಮುಗಿದ ಮೇಲೆ, ಸಮೋಸದ ಹೊತ್ತಿಗೆ, ಟ್ರಸ್ಟಿನ ಹೆಂಗಸಿನ ಪಕ್ಕ ನಿಂತು, ನಯವಾಗಿ, ಒಂದು ಸಣ್ಣ ಅನುಮಾನವೆಂಬಂತೆ ಬಾಯಿ ಬಿಡುವುದು ಎಂದಿದ್ದ. ಈಗ ಅವನ ಕಣ್ಣೆಲ್ಲ ಎರಡನೆಯ ಸಾಲಿನ ಮೇಲೆ. ಯೂನುಸ್ ಅಂಕಲ್ ಕಿವಿಯ ಯಂತ್ರವನ್ನು ಸರಿಮಾಡಿಕೊಳ್ಳುತ್ತಿದ್ದರು.

ಒಂದೇ ದಾರಿ. ಈ ನಾಲ್ಕು ಹಾಳೆಯನ್ನು ಹಾರಿಸಿಬಿಡುವುದು. ಮೊದಲ ಪುಟ ಇನ್ನೂ ಮಟ್ಟಿನ ಮುನ್ನುಡಿ, ಅವನೇ ತುಂಬಿಸಿದ್ದು, ಅದರಿಂದ ಯಾರಿಗೂ ಗುರುತು ಹತ್ತುವುದಿಲ್ಲ. ಅದರ ಜೊತೆಗೆ ಉಳಿದ ಮೂರನ್ನೂ ಹಿಡಿದು ತಿರುಗಿಸಿದರೆ ನೇರ ಆರನೆಯ ಕೃತಿ, ಅವಳು ತಡವರಿಸುತ್ತಾಳೆ, ಜನ ಎಂದಿನಂತೆ ಚಪ್ಪಾಳೆ ತಟ್ಟುತ್ತಾರೆ, ಪುಟ ತಿರುಗಿಸುವವನು ದಡ್ಡ ಎನಿಸಿಕೊಳ್ಳುತ್ತಾನೆ. ದಡ್ಡ ಎನಿಸಿಕೊಳ್ಳುವುದು ಇಷ್ಟು ದೊಡ್ಡ ಆಸೆಯಾಗಿ ಎಂದೂ ಅವನಿಗೆ ಕಂಡಿರಲಿಲ್ಲ. ಭುಜ ಎದ್ದಿತು. ಉಸಿರು ಬಂತು. ಅವನು ಎದ್ದು, ಬೆವೆತ ಬೆರಳಿನಲ್ಲಿ ಹಾಳೆಗಳನ್ನು ಒಟ್ಟಾಗಿ ಹಿಡಿದು ತಿರುಗಿಸಿದ. ಲೇಸನ್ ಬಲಗೈ ನಿಲ್ಲಿಸಲಿಲ್ಲ. ಎಡಗೈಯನ್ನು ಕೀಗಳಿಂದ ಎತ್ತಿ, ಅವನ ಮಣಿಕಟ್ಟನ್ನು ನೊಣ ಸರಿಸಿದಂತೆ ಸರಿಸಿ, ಹಾಳೆಗಳನ್ನು ಹಿಂದಕ್ಕೆ ಹಾಕಿ, ಒಂದನ್ನೇ ತಿರುಗಿಸಿ, ಮುಂದಿನ ಹೊಡೆತಕ್ಕೆ ಸರಿಯಾಗಿ ಕೈ ಇಳಿಸಿದಳು. ಯಾರಿಗೂ ತಿಳಿಯಲಿಲ್ಲ. ಅವಳು ಅವನ ಕಡೆ ನೋಡಲೂ ಇಲ್ಲ.

ಮಟ್ಟು ಬಂತು. ಅಬ್ಬಾ ಅದನ್ನು ಊದುತ್ತಿದ್ದದ್ದು ಹಾರ್ನು, ಪಟಾಕಿ, ಡ್ರಮ್ಮುಗಳ ಮೇಲೆ ಕೇಳಿಸಲೆಂದು, ಗಂಟಲು ಹರಿಯುವಂತೆ. ಇವಳು ಅರ್ಧ ವೇಗದಲ್ಲಿ, ಮಲಗಿದವರನ್ನು ಎಬ್ಬಿಸಬಾರದೆಂಬ ಹಾಗೆ ನುಡಿಸಿದಳು. ವಕಾರ್‌ಗೆ ಮೊದಲು ಅನಿಸಿದ್ದು ಇವಳು ಇದನ್ನು ಕೆಡಿಸುತ್ತಿದ್ದಾಳೆ ಎಂದು. ಆಮೇಲೆ ಆ ನಿಲುಗಡೆಗಳು ಬಂದವು. ಸ್ವರಲಿಪಿಯ ಮೂರನೆಯ ಸಾಲಿನ ಕೊನೆಗೆ ಒಂದು, ಐದನೆಯದರ ನಡುವೆ, ಇರಬಾರದ ಜಾಗದಲ್ಲಿ, ಇನ್ನೊಂದು. ಅವನೇ ಬರೆದದ್ದು, ಬರೆಯುವಾಗ ಹೊಳೆಯಲೇ ಇಲ್ಲ. ಅದು ಹಂಬಲವೂ ಅಲ್ಲ, ಅಜ್ಜಿಯ ಕೈಯೂ ಅಲ್ಲ. ಅಬ್ಬಾಗೆ ಉಬ್ಬಸವಿತ್ತು. ಛತ್ರಗಳ ಮುಂದಿನ ಏರಿನಲ್ಲಿ ನಡೆಯುತ್ತ ಊದುತ್ತ ಬಂದವರಿಗೆ ಅಲ್ಲಿಗೆ ಸರಿಯಾಗಿ ಗಾಳಿ ಸಾಲುತ್ತಿರಲಿಲ್ಲ. ಕ್ಲಾರಿನೆಟ್ಟನ್ನು ಬಾಯಿಂದ ತೆಗೆಯದೆ, ಜನಕ್ಕೆ ಗೊತ್ತಾಗದಂತೆ, ಮೂಗಿನಿಂದ ಒಂದು ಗುಟುಕು ಎಳೆದುಕೊಳ್ಳುತ್ತಿದ್ದರು. ಲೇಸನ್ ಈಗ ಅದೇ ಜಾಗದಲ್ಲಿ ಕೈ ಎತ್ತಿದಳು, ಅದೇ ಜಾಗದಲ್ಲಿ ಮೂಗಿನಿಂದ ಉಸಿರೆಳೆದಳು. ಅದನ್ನು ಪುಟ ತಿರುಗಿಸುವ ಸೂಚನೆಯೆಂದು ತಿಳಿದು ಅವನು ಎದ್ದು ನಿಂತ. ಪುಟ ಮುಗಿದಿರಲಿಲ್ಲ. ಕೂರಲು ಆಗಲಿಲ್ಲ. ನಿಂತೇ ಇದ್ದ, ಕೈ ಗಾಳಿಯಲ್ಲಿ, ಜನರೆಲ್ಲ ನೋಡುತ್ತಿರುವಂತೆ.

ಮುಗಿದಾಗ ಈ ಸಲ ಚಪ್ಪಾಳೆ ತಡವಾಗಿ ಬಂತು. ಟ್ರಸ್ಟಿನ ಹೆಂಗಸು ಬರೆಯುವುದನ್ನು ಬಿಟ್ಟು ಕೂತಿದ್ದಳು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ಲೇಸನ್ ಹೇಳಿ ಮುಗಿಸುವ ಮುನ್ನವೇ ಯೂನುಸ್ ಅಂಕಲ್ ಎದ್ದು ನಿಂತಿದ್ದರು, ಪ್ರಶ್ನೆಯಲ್ಲ, ಒಂದು ವಿಷಯ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ. ಈ ಟ್ಯೂನ್ ನನ್ನ ಮದುವೆಯಲ್ಲಿ ಬಾರಿಸಿದ್ದರು ಎಂದರು. ಲೇಸನ್ ಬೆರಗಾಗಿ, ನಿಮ್ಮ ಮದುವೆ ಕಜಾನಿನಲ್ಲಾಯಿತೇ ಎಂದು ಕೇಳಿದಳು. ಮೈಸೂರಿನಲ್ಲಿ, ಎಂದರು ಅಂಕಲ್. ಜಾಹಿದಾ ಆಂಟಿ ಕೂತಲ್ಲೇ, ಒಳಗಿನ ಕೋಣೆಯಲ್ಲಿ ಕೂತು ನಾನೂ ಕೇಳಿದ್ದೆ, ಇದು ಕೇಳಿಸಿದರೆ ಹುಡುಗ ಬಂದ ಅಂತ ಲೆಕ್ಕ, ಕೈಯಲ್ಲಿದ್ದ ಲಡ್ಡು ಬಿಟ್ಟು ಮುಸುಕು ಎಳೆದುಕೊಂಡಿದ್ದೆ ಎಂದು ಸಾಕ್ಷಿ ಹೇಳಿದರು. ಕೆಲವರು ನಕ್ಕರು. ಲೇಸನ್ ಏನೂ ಅರ್ಥವಾಗದೆ ಪಿಯಾನೋದ ಮೇಲೆ ಕೈಯಿಟ್ಟು ನಿಂತಳು. ಅಂಕಲ್ ಅವಳನ್ನು ಬಿಟ್ಟು ಇತ್ತ ತಿರುಗಿದರು. ಕನ್ನಡಕ್ಕೆ ಇಳಿದರು.

"ವಕಾರ್, ಇದು ನಿಮ್ ಅಬ್ಬಾದಲ್ವೇನಪ್ಪಾ? ಗಫೂರ್ ಮಾಸ್ಟ್ರದು?"

ವಕಾರ್ ಯಾರನ್ನು ಅನುಕರಿಸಿ ಇಲ್ಲಿಂದ ಪಾರಾಗುವುದೆಂದು ಹುಡುಕಿದ. ತಬ್ಬಿಬ್ಬಾದವನ ದನಿ, ಸಭ್ಯನ ದನಿ, ಕಿವಿ ಕೇಳದವನ ದನಿ, ಎಲ್ಲವೂ ಬರುತ್ತಿದ್ದವನಿಗೆ ಒಂದೂ ಬರಲಿಲ್ಲ. "ನಿಮಗೆ ಗೊತ್ತಿತ್ತಾ ಅಂಕಲ್?" ಎಂದ.

"ನೀನು ಈ ದೇಶಕ್ಕೆ ಬಂದ ದಿವ್ಸದಿಂದ ಗೊತ್ತು. ನೀನೇ ಹೇಳ್ತೀಯ ಅಂತ ಫೋಟೋ ಕೊಟ್ಟೆ ಅವತ್ತು. ಕಲರ್ ಚೆನ್ನಾಗಿದೆ ಅಂದೆ. ಆಯ್ತು ಬಿಡು, ಇಷ್ಟ ಇಲ್ಲ ಅಂತ ನಾನೂ ಸುಮ್ನಾದೆ. ಈಗ ಇವ್ರ ಕೈಲಿ ನುಡಿಸ್ತಿದೀಯಲ್ಲ, ಸಂತೋಷ ಆಯ್ತಪ್ಪ. ಆದ್ರೆ ಹೆಸ್ರು ಹಾಕ್ಬೇಕಿತ್ತು. ಕರ್ತೃ ಗೊತ್ತಿಲ್ಲ ಅಂತ ಹಾಕಿದೀರಲ್ಲ ಹಾಳೇಲಿ."

ಮೆಹವಿಶ್ ಬಾಗಿಲು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದಿದ್ದಳು. ಏನಂತೆ, ಅವರು ಏನು ಹೇಳುತ್ತಿದ್ದಾರೆ ಎಂದು ಲೇಸನ್ ವಕಾರ್‌ನನ್ನೇ ಕೇಳಿದಳು, ಅನುವಾದ ಮಾಡಲು ಅವಳ ಪಕ್ಕದಲ್ಲಿ ಇದ್ದವನು ಅವನೊಬ್ಬನೇ. ಅವನು ಅನುವಾದಿಸಿದ. ಕಜಾನಿನ ಮೇಷ್ಟ್ರು ಇಲ್ಲ, ಮೊಣಕಾಲೂ ಇಲ್ಲ, ಪೆಟ್ಟಿಗೆಯೂ ಇಲ್ಲ, ಪತ್ರ ಬರೆದವನು ನಾನು, ಮಟ್ಟು ನನ್ನ ಅಬ್ಬಾನದು, ಅವರು ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದರು. ಇಂಗ್ಲಿಷಿನಲ್ಲಿ ಹೇಳಿದರೆ ಅದು ಬಹಳ ಚಿಕ್ಕದಾಗಿತ್ತು, ನಾಲ್ಕು ವಾಕ್ಯ, ಔಷಧಿಯ ಶೀಶೆಯ ಮೇಲೆ ಅಂಟಿಸಬಹುದಾದಷ್ಟು. ಟ್ರಸ್ಟಿನ ಹೆಂಗಸು ಮೂರನೆಯ ಸಾಲಿನಿಂದ, ಬಹಳ ಮೃದುವಾಗಿ, ಹಾಗಾದರೆ ನಿಮ್ಮ ಅಜ್ಜಿ ಎಂದು ಲೇಸನ್‌ಳನ್ನು ಕೇಳಿ, ವಾಕ್ಯ ಮುಗಿಸಲಿಲ್ಲ.

ಲೇಸನ್ ಮೈಕನ್ನು ಹತ್ತಿರ ಎಳೆದುಕೊಂಡಳು. ವಕಾರ್‌ನನ್ನು ನೋಡಿದಳು. ಅವನು ಅವಳ ಮುಖದಲ್ಲಿ ಕೋಪಕ್ಕಾಗಿ ಹುಡುಕಿದ, ಈಗ ಅದು ಬಂದರೆ ಕೈ ಮುಗಿದು ತೆಗೆದುಕೊಳ್ಳುವವನಿದ್ದ.

"ನನ್ನ ಅಜ್ಜಿ," ಎಂದಳು ಅವಳು ಮೈಕಿನಲ್ಲೇ, "ನಾನು ಹುಟ್ಟುವುದಕ್ಕೆ ಆರು ವರ್ಷ ಮುಂಚೆ ಸತ್ತಳು."

ಹೇಳಿದ ಮೇಲೆ ಅದನ್ನು ತಾನೇ ಮೊದಲ ಸಲ ಕೇಳಿಸಿಕೊಂಡವಳಂತೆ ನಿಂತಳು. ಟ್ರಸ್ಟಿನ ಹೆಂಗಸು ಪೆನ್ನಿನ ಮುಚ್ಚಳ ಹಾಕಿದ ಸಣ್ಣ ಶಬ್ದ ಕೊನೆಯ ಸಾಲಿಗೂ ಕೇಳಿಸಿತು. ಹತ್ತು ಊರು ಹೋಯಿತು, ಎಲ್ಲರಿಗೂ ಗೊತ್ತಾಯಿತು, ಎಲ್ಲರಿಗಿಂತ ಮೊದಲು ಲೇಸನ್‌ಗೆ. ಅವಳ ಮೂಗಿನಿಂದ ಒಂದು ಗೊರಕೆಯಂಥ ಸದ್ದು ಹೊರಟಿತು. ಅಳು ಎಂದುಕೊಂಡು ಮೆಹವಿಶ್ ಓಡಿದಳು. ಅಳುವಲ್ಲ. ಒಲೆ, ಎಂದಳು ಲೇಸನ್, ಒಲೆಯ ಮುಂದೆ ತೊಡೆಯ ಮೇಲೆ, ಎಂದಳು, ಕೂದಲು ನೇವರಿಸುತ್ತಿದ್ದಳು, ಎಂದಳು, ಮುಂದೆ ಹೇಳಲಾಗದೆ ಹೊಟ್ಟೆ ಹಿಡಿದುಕೊಂಡಳು. ನಗು ಅಗಲವಾದ ಭುಜದಿಂದ ಮೇಲೆದ್ದು ಬಂತು. ಪಿಯಾನೋಗೆ ಆತುಕೊಳ್ಳಲು ಹೋಗಿ ಎರಡೂ ಮೊಣಕೈ ಕೀಗಳ ಮೇಲೆ ಬಿದ್ದವು, ಕಪ್ಪು ಬಿಳುಪು ಎಲ್ಲ ಒಟ್ಟಿಗೆ ಕಿರುಚಿಕೊಂಡವು, ಅದಕ್ಕೂ ನಕ್ಕಳು. ಯೂನುಸ್ ಅಂಕಲ್ ನಕ್ಕರು, ಜಾಹಿದಾ ಆಂಟಿ ಪರ್ಸಿನೊಳಗೆ ಮುಖವಿಟ್ಟು ನಕ್ಕರು, ಬೀಸಣಿಗೆಯವಳು, ಕೀಗೊಂಚಲಿನವನು, ಮೆಹವಿಶ್ ಕೂಡ, ಗಂಡನ ಕಡೆ ನೋಡದೆ, ನಕ್ಕರು. ಪಿಯಾನೋದ ಎಡಕ್ಕೆ, ಒಂದು ಮೊಳ ಹಿಂದೆ, ನಗದೆ ನಿಂತವನು ಒಬ್ಬನೇ ಇದ್ದ. ಅವಳು ಕಣ್ಣೀರು ಒರೆಸಿಕೊಂಡು ಅವನನ್ನು ನೋಡಿದಳು, ಏನೋ ಹೇಳಲು ಹೋದಳು, ಅವನ ಮುಖ ಕಂಡು ನಗು ಮತ್ತೆ ಶುರುವಾಯಿತು, ಈ ಸಲ ಎಷ್ಟು ಜೋರಾಗಿ ಎಂದರೆ ನಗುತ್ತಿದ್ದ ಸಭೆಯೇ ನಿಲ್ಲಿಸಿ ಅವಳನ್ನು ನೋಡತೊಡಗಿತು.